ರೈಲು ಡಿಪೋದ ನೆರೆಯಲ್ಲಿ ಪಾಠಶಾಲೆ: ಸದ್ದನ್ನು ಕುರಿತು ಕೆಲವು ಮಾತು

(ಶತಮಾನೋತ್ಸವದ ಎರಡನೆಯ ದಿನ ಪಾಲಕರು ಹಾಗೂ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮುಖ್ಯಾಧ್ಯಾಪಿಕೆಯವರು ಮಾಡಿದ ಭಾಷಣ)



ನಿನ್ನೆಯಿಂದ ಈ ಚಪ್ಪರದ ಕೆಳಗೆ ನಮ್ಮ ಶಾಲೆಯ ನೂರು ವರ್ಷಗಳ ಸಾಧನೆಯನ್ನು ಅನೇಕ ಹಿರಿಯರು ತುಂಬು ಹೃದಯದಿಂದ ಸ್ಮರಿಸಿದ್ದಾರೆ. ನಮಗೆ ದೊರೆತಿರುವ ಈ ಅರ್ಧ ಗಂಟೆಯಲ್ಲಿ ಆ ಪಟ್ಟಿಗೆ ಮತ್ತೊಂದು ಸಾಲು ಸೇರಿಸುವ ಉದ್ದೇಶ ನಮಗಿಲ್ಲ. ನಿನ್ನೆ ಉದ್ಘಾಟನಾ ಭಾಷಣವು ನಡುವೆ ಎರಡು ಬಾರಿ ನಿಂತುದನ್ನು ತಾವೆಲ್ಲರೂ ಕಂಡಿದ್ದೀರಿ. ಹಿಂಗೋಡೆಯ ಆಚೆ ಎಂಜಿನ್ನು ಗುಡುಗಿತು; ಅತಿಥಿಗಳು ಮುಗುಳ್ನಕ್ಕು ಕಾದರು; ನಾವೆಲ್ಲರೂ ನಕ್ಕೆವು. ಹೊರಗಿನಿಂದ ಬಂದವರಿಗೆ ಅದು ಒಂದು ದಿನದ ವಿನೋದ. ನಮ್ಮ ಶಿಕ್ಷಕರಿಗೆ ಅದು ನಿತ್ಯದ ಪಾಠಕ್ರಮದ ಒಂದು ಭಾಗ. ಆದ್ದರಿಂದ ಈ ಡಿಪೋದ ಸದ್ದನ್ನೂ, ಅದರ ನಡುವೆ ಕಲಿಯುವ ಮಕ್ಕಳನ್ನೂ, ಅದರ ನಡುವೆಯೇ ಮಲಗಿ ಏಳುವ ನೆರೆಹೊರೆಯವರನ್ನೂ ಕುರಿತು ಮಾತನಾಡಲು ತಮ್ಮ ಅಪ್ಪಣೆ ಬೇಡುತ್ತೇವೆ.

ಮೊದಲಿಗೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಇದು ಯಾವ ಕಛೇರಿಯ ಮೇಲಿನ ದೂರೂ ಅಲ್ಲ. ಸಿದ್ಧರಾಮನು ಕೆರೆ ಕಟ್ಟಿಸಿದ ಈ ಸೊಲ್ಲಾಪುರದವರಾದ ನಮಗೆ ಕಾಯಕದ ಸದ್ದು ಅಸಹ್ಯವಲ್ಲ. 1860ರಲ್ಲಿ ರೈಲು ಈ ಊರಿಗೆ ಬಂದಿತು. 1871ರಲ್ಲಿ ಹಳಿಗಳು ರಾಯಚೂರನ್ನು ಮುಟ್ಟಿ ಮುಂಬಯಿ ಹಾಗೂ ಮದರಾಸುಗಳು ಒಂದಾದುವು. 1877ರಲ್ಲಿ ಇಲ್ಲಿ ಹತ್ತಿ ಗಿರಣಿ ಹುಟ್ಟಿತು. ಗಿರಣಿಯ ಭೋಂಗಾ ಕೇಳಿ ಒಲೆ ಹೊತ್ತಿಸಿದವರು, ಭೋಂಗಾ ಕೇಳಿ ಮಕ್ಕಳನ್ನು ಶಾಲೆಗೆ ಕಳುಹಿಸಿದವರು ನಮ್ಮ ಅಜ್ಜಿಯಂದಿರು. ಗಿರಣಿಯ ಮಗ್ಗದವರ, ರೈಲಿನ ಗ್ಯಾಂಗಿನವರ, ಲೋಕೋಶೆಡ್ಡಿನ ಕೂಲಿಯವರ ಮಕ್ಕಳಿಗೆ ತಾಯ್ನುಡಿಯಲ್ಲಿ ಅಕ್ಷರ ಕಲಿಸಬೇಕೆಂದೇ ನಮ್ಮ ಸಂಸ್ಥಾಪಕರು ಈ ಜಾಗವನ್ನು ಆರಿಸಿಕೊಂಡರು. ಹಳಿಗಳು ಮೊದಲು ಬಂದುವು, ಶಾಲೆ ಅನಂತರ ಬಂದಿತು. ಇಂದಿಗೂ ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿಯ ಮನೆಯ ಅನ್ನ ಆ ಗೋಡೆಯ ಆಚೆಯಿಂದಲೇ ಬರುತ್ತದೆ. ಆ ಋಣವನ್ನು ಮರೆತು ಆಡುವ ಮಾತು ನ್ಯಾಯವಾಗಲಾರದು.

ಆದರೂ ಈ ವಿಷಯವನ್ನು ಎತ್ತಬೇಕಾಗಿ ಬಂದುದಕ್ಕೆ ಕಾರಣ ನಮ್ಮದೇ ಒಂದು ತಪ್ಪು.

ಕೆಲವು ವರ್ಷಗಳ ಹಿಂದೆ ಮೂರನೆಯ ಇಯತ್ತೆಯಲ್ಲಿ ಒಬ್ಬ ಹುಡುಗನಿದ್ದ. ಆಗ ಆ ತರಗತಿಯು ಯಾರ್ಡಿಗೆ ಮುಖಮಾಡಿದ ಕೋಣೆಯಲ್ಲಿ ನಡೆಯುತ್ತಿತ್ತು. ಅವನ ಜಾಗ ಕೊನೆಯ ಸಾಲಿನಲ್ಲಿ, ಕಿಟಕಿಯ ಪಕ್ಕದಲ್ಲಿ. ಓದಲು ಕೊಟ್ಟರೆ ತಡೆಯಿಲ್ಲದೆ ಓದುತ್ತಿದ್ದ. ಉಕ್ತಲೇಖನ ಕೊಟ್ಟರೆ ಮಾತ್ರ ಪುಟ ತುಂಬ ಕೆಂಪು ಗೆರೆ. ಫಲ ಎಂದರೆ ಪಲ, ಹಣ ಎಂದರೆ ಹನ, ಕಾಳು ಎಂದರೆ ಕಾಲು. ನಾವು ಅವನ ಪ್ರಗತಿ ಪುಸ್ತಕದಲ್ಲಿ ‘ಪಾಠದ ಕಡೆ ಗಮನ ಸಾಲದು’ ಎಂದು ಬರೆದು ಸಹಿ ಹಾಕಿದೆವು. ಅವನ ತಂದೆ ಅದನ್ನು ಓದಿ ಮನೆಯಲ್ಲಿ ಏನು ಮಾಡಿದರೋ ತಿಳಿಯದು. ಹುಡುಗ ಮರುದಿನ ಮುಖ ಸಣ್ಣದು ಮಾಡಿಕೊಂಡು ಬಂದ. ಮಳೆಗಾಲದಲ್ಲಿ ಆ ಕೋಣೆಯ ಮಾಳಿಗೆ ಸೋರಿದ ಕಾರಣ ತರಗತಿಯನ್ನು ಕೆಲವು ವಾರ ರಸ್ತೆಯ ಬದಿಯ ಕೋಣೆಗೆ ಬದಲಿಸಿದೆವು. ಅಲ್ಲಿ ಅವನ ಉಕ್ತಲೇಖನ ತಾನಾಗಿಯೇ ತಿದ್ದಿಕೊಂಡಿತು. ಅವನಿಗೆ ಗಮನದ ಕೊರತೆ ಇರಲಿಲ್ಲ. ನಮ್ಮ ಮಾತು ಅವನ ಕಿವಿಯನ್ನು ಪೂರ್ತಿಯಾಗಿ ಮುಟ್ಟುತ್ತಿರಲಿಲ್ಲ. ಅನಂತರ ಒಂದೇ ಪಾಠದ ಉಕ್ತಲೇಖನವನ್ನು ಎರಡೂ ಬದಿಯ ಕೋಣೆಗಳಲ್ಲಿ ಕೊಟ್ಟು ನೋಡಿದೆವು. ಅದು ಶಾಸ್ತ್ರೀಯ ಪ್ರಯೋಗವಾಗಿರಲಿಲ್ಲ, ಆದರೆ ಕೆಂಪು ಗೆರೆಗಳು ಯಾವ ಬದಿಯಲ್ಲಿ ಹೆಚ್ಚಿದ್ದುವೆಂದು ಹೇಳಲು ಶಾಸ್ತ್ರ ಬೇಕಿರಲಿಲ್ಲ.

ಇದರ ಕಾರಣವನ್ನು ಮುಂದೆ ಓದಿ ತಿಳಿದುಕೊಂಡೆವು. ನಿಂತಲ್ಲೇ ಉರಿಯುವ ಡೀಸೆಲ್ ಎಂಜಿನ್ನಿನ ಸದ್ದು ತಗ್ಗಿದ ಸ್ವರದ್ದು. ಗೋಡೆ, ಕಿಟಕಿಗಳು ಅದನ್ನು ಸುಲಭವಾಗಿ ತಡೆಯಲಾರವು. ಜೋರಾದ ತಗ್ಗು ಸ್ವರವು ತನಗಿಂತ ಮೇಲಿನ ಸ್ವರಗಳನ್ನೂ ಮುಚ್ಚಿಹಾಕುತ್ತದೆ. ಮಾತಿನಲ್ಲಿ ಸ್ವರಾಕ್ಷರಗಳಿಗೆ ಬಲ ಹೆಚ್ಚು. ಅರ್ಥವನ್ನು ಬೇರ್ಪಡಿಸುವ ವ್ಯಂಜನಗಳು ಮೆಲ್ಲನೆಯವು, ಕ್ಷಣಿಕವಾದವು. ಸದ್ದಿನಲ್ಲಿ ಮೊದಲು ಕಳೆದುಹೋಗುವುದು ಅವೇ. ಭಾಷೆ ಬಲ್ಲ ಹಿರಿಯರು ಕೇಳದ ಅಕ್ಷರವನ್ನು ಸಂದರ್ಭದಿಂದ ತುಂಬಿಕೊಳ್ಳುತ್ತಾರೆ. ಮಕ್ಕಳಿಗೆ ಆ ಸಂಗ್ರಹವಿನ್ನೂ ಬೆಳೆದಿರುವುದಿಲ್ಲ. ಗಡಿನಾಡಿನ ನಮ್ಮ ಮಕ್ಕಳ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ಮನೆಯಲ್ಲಿ ಅವರಾಡುವುದು ನಮ್ಮ ಸೀಮೆಯ ಆಡುಗನ್ನಡ, ಬೀದಿಯಲ್ಲಿ, ಪೇಟೆಯಲ್ಲಿ ಮರಾಠಿ, ದೂರದರ್ಶನದಲ್ಲಿ ಹಿಂದಿ. ಪುಸ್ತಕದ ಕನ್ನಡವನ್ನು, ಅದರ ಮಹಾಪ್ರಾಣಗಳನ್ನು, ಣಕಾರ ಳಕಾರಗಳನ್ನು ಅವರು ಕೇಳುವ ಸ್ಥಳ ಬಹುಮಟ್ಟಿಗೆ ಈ ಶಾಲೆಯ ನಾಲ್ಕು ಗೋಡೆಗಳ ಒಳಗೆ ಮಾತ್ರ. ಇಲ್ಲಿ ಕೇಳದೆ ಹೋದುದನ್ನು ಅವರು ಬೇರೆಲ್ಲಿಯೂ ಕೇಳಲಾರರು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಪಾಠವು ಕಿವಿಗೆ ಕೇಳುವಂತಿರುವುದೂ ಆ ಸೌಕರ್ಯದಲ್ಲಿ ಸೇರಿದುದೆಂದು ನಾವು ತಿಳಿಯುತ್ತೇವೆ.

ವೇಳೆಯ ಲೆಕ್ಕವನ್ನೂ ಮಾಡಿ ನೋಡೋಣ. 35 ನಿಮಿಷದ ಒಂದು ತಾಸಿನಲ್ಲಿ ಶಿಕ್ಷಕರು 6 ಬಾರಿ ಅರ್ಧರ್ಧ ನಿಮಿಷ ನಿಲ್ಲಬೇಕಾಯಿತೆಂದಿಟ್ಟುಕೊಳ್ಳಿ. ಚದುರಿದ ಮಕ್ಕಳ ಮನಸ್ಸನ್ನು ಮರಳಿ ಪಾಠಕ್ಕೆ ತರಲು ಪ್ರತಿ ಬಾರಿಯೂ ಇನ್ನರ್ಧ ನಿಮಿಷ. ಅಲ್ಲಿಗೆ 6 ನಿಮಿಷ ಹೋಯಿತು. ದಿನದ 8 ತಾಸುಗಳಿಗೆ 48 ನಿಮಿಷ, ಎಂದರೆ ಒಂದು ಪೂರ್ಣ ಪಾಠಕ್ಕಿಂತ ಹೆಚ್ಚು. ಶಿಕ್ಷಣ ಹಕ್ಕು ಕಾಯಿದೆಯು ಹಿರಿಯ ಪ್ರಾಥಮಿಕ ತರಗತಿಗಳಿಗೆ ವಿಧಿಸಿರುವ 220 ದಿನಗಳಿಗೆ ಇದನ್ನು ಗುಣಿಸಿದರೆ ವರ್ಷಕ್ಕೆ 176 ಗಂಟೆ.

ಇದು ನಮ್ಮೊಬ್ಬರ ಅನುಭವವಲ್ಲ. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಪಬ್ಲಿಕ್ ಸ್ಕೂಲ್ 98 ಎಂಬ ಶಾಲೆಯಿದೆ. ಅದರ ಒಂದು ಬದಿಯಲ್ಲಿ ಎತ್ತರಿಸಿದ ಹಳಿಯ ಮೇಲೆ ರೈಲು ಓಡುತ್ತಿತ್ತು. ರೈಲು ಹಾಯ್ದಾಗ ತರಗತಿಯ ಸದ್ದು 59 ಡೆಸಿಬೆಲ್‌ನಿಂದ 89ಕ್ಕೆ ಏರುತ್ತಿತ್ತು. ಮನಶ್ಶಾಸ್ತ್ರಜ್ಞೆ ಆರ್ಲೀನ್ ಬ್ರಾನ್‌ಜಾಫ್ಟ್ ಅವರು ಮೆಕಾರ್ಥಿ ಎಂಬವರೊಡನೆ ಅಲ್ಲಿ ಅಧ್ಯಯನ ನಡೆಸಿ 1975ರಲ್ಲಿ ಅದನ್ನು ಪ್ರಕಟಿಸಿದರು. ಹಳಿಯ ಬದಿಯ ಕೋಣೆಗಳಲ್ಲಿ ಕುಳಿತ ಮಕ್ಕಳು ಆರನೆಯ ತರಗತಿಗೆ ಬರುವಷ್ಟರಲ್ಲಿ ಓದಿನಲ್ಲಿ ಇನ್ನೊಂದು ಬದಿಯ ಮಕ್ಕಳಿಗಿಂತ ಸುಮಾರು ಒಂದು ವರ್ಷ ಹಿಂದೆ ಬಿದ್ದಿದ್ದರು. ಅಧ್ಯಯನವು ಅಲ್ಲಿಗೇ ನಿಲ್ಲಲಿಲ್ಲ. ರೈಲಿನವರು ಹಳಿಗಳ ಕೆಳಗೆ ರಬ್ಬರಿನ ಹಾಸು ಇಟ್ಟರು. ಶಾಲೆಯ ಕೋಣೆಗಳ ಚಾವಣಿಗೆ ಸದ್ದು ಹೀರುವ ಹಲಗೆ ಹೊದಿಸಲಾಯಿತು. 1981ರಲ್ಲಿ ಪ್ರಕಟವಾದ ಮರು ಅಧ್ಯಯನದಲ್ಲಿ ಎರಡೂ ಬದಿಯ ಮಕ್ಕಳ ಓದು ಸಮವಾಗಿತ್ತು. ರೈಲು ಓಡುತ್ತಲೇ ಇತ್ತು, ಶಾಲೆಯೂ ಅಲ್ಲಿಯೇ ಇತ್ತು. ಎರಡು ಸಂಸ್ಥೆಗಳು ತಂತಮ್ಮ ಪಾಲಿನ ಕೆಲಸ ಮಾಡಿದುದರಿಂದ ಮಕ್ಕಳಿಗೆ ಒಂದು ವರ್ಷ ಮರಳಿ ಸಿಕ್ಕಿತು.

ಇದನ್ನೆಲ್ಲ ಓದಿ ನಾವು ಒಂದು ಖಾರವಾದ ತಕರಾರು ಅರ್ಜಿಯನ್ನು ಬರೆಯಲು ಕುಳಿತೆವು. ಅದು ಪೂರ್ತಿಯಾಗುವ ಮೊದಲೇ ಒಂದು ಮುಂಜಾನೆ ಹಿಂದಿನ ಚಾಳಿನ ವಯಸ್ಸಾದ ತಾಯಿಯೊಬ್ಬರು ಕಛೇರಿಯ ಬಾಗಿಲಿಗೆ ಬಂದು ನಿಂತರು. “ಬಾಯಾರ, ನಮ್ಮ ಹುಡುಗ ರಾತ್ರಿ ಪಾಳಿ ಮುಗಿಸಿ ಈಗ ಬಂದು ಮಲಗ್ಯಾನ. ನಿಮ್ಮ ಮಕ್ಕಳ ಪ್ರಾರ್ಥನಿ ಭಾಳ ಚಲೋ ಐತಿ. ಆದರ ಆ ಕರ್ಣಾ ಒಂದೀಟು ಸಣ್ಣಗ ಮಾಡಸ್ರಿ” ಎಂದರು. ನಾವು ನಿರುತ್ತರರಾದೆವು. ಮಾಳಿಗೆಯ ಮೇಲಿನ ನಮ್ಮ ಧ್ವನಿವರ್ಧಕದ ಬಾಯಿ ಎಷ್ಟೋ ವರ್ಷಗಳಿಂದ ಆ ಚಾಳಿನ ಕಡೆಗೇ ತಿರುಗಿತ್ತು. ಪ್ರಾರ್ಥನೆ, ಸೂಚನೆ, ಕವಾಯತು, ಗ್ಯಾದರಿಂಗಿನ ತಾಲೀಮು, ಎಲ್ಲವೂ ಅದರಿಂದಲೇ. ರಾತ್ರಿಯೆಲ್ಲ ಡಬ್ಬಿಗಳ ಕೆಳಗೆ ಬಾಗಿ ದುಡಿದವರ ನಿದ್ರೆಯನ್ನು ನಾವು ನಿತ್ಯವೂ ಕೆಡಿಸುತ್ತಿದ್ದೆವು; ಅದು ನಮ್ಮ ಗಮನಕ್ಕೆ ಬಂದಿರಲೇ ಇಲ್ಲ. ಗಮನ ಸಾಲದೆಂಬ ಷರಾ ಯಾರಿಗೆ ಸಲ್ಲಬೇಕಾಗಿತ್ತೆಂದು ಅಂದು ತಿಳಿಯಿತು. ಮರುದಿನದಿಂದ ಪ್ರಾರ್ಥನೆಯು ಧ್ವನಿವರ್ಧಕವಿಲ್ಲದೆ ಅಂಗಳದಲ್ಲಿ ನಡೆಯತೊಡಗಿತು. ಇಂದಿಗೂ ಹಾಗೆಯೇ ನಡೆದಿದೆ. ತಕರಾರು ಅರ್ಜಿಯನ್ನು ಹರಿದುಹಾಕಿ, ಡಿಪೋವನ್ನು ನೋಡಲು ಅನುಮತಿ ಬೇಡಿ ಒಂದು ಪತ್ರ ಬರೆದೆವು.

ಅನುಮತಿ ದೊರೆಯಿತು. ಹಿರಿಯ ಮೇಲ್ವಿಚಾರಕರೊಬ್ಬರು ನಮ್ಮನ್ನು ಯಾರ್ಡಿನ ತುಂಬ ಸುತ್ತಾಡಿಸಿದರು. ಗೋಡೆಯ ಈಚೆಯಿಂದ ಒಂದೇ ಗದ್ದಲವಾಗಿ ಕೇಳುತ್ತಿದ್ದುದು ಒಳಗೆ ಹೋದಾಗ ಹಲವು ಬೇರೆ ಬೇರೆ ಸದ್ದುಗಳಾಗಿ ಬಿಡಿಸಿಕೊಂಡಿತು. ನಿಂತ ಎಂಜಿನ್ನಿನ ಎಡೆಬಿಡದ ಗುಡುಗು ಒಂದು. ಗಾಡಿಯ ದೀಪ, ಪಂಖಗಳಿಗೆ ವಿದ್ಯುತ್ತು ಕೊಡುವ ಪವರ್ ಕಾರಿನ ಡೀಸೆಲ್ ಜನರೇಟರು ಇನ್ನೊಂದು. ಬ್ರೇಕಿನ ಪರೀಕ್ಷೆಯಾದಾಗ ಗಾಳಿ ಬಿಡುವ ಬುಸುಗುಟ್ಟುವಿಕೆ, ಶಂಟಿಂಗಿನಲ್ಲಿ ಡಬ್ಬಿಗೆ ಡಬ್ಬಿ ತಾಗುವ ಪೆಟ್ಟು, ತಿರುವಿನಲ್ಲಿ ಗಾಲಿಯ ಅಂಚು ಹಳಿಗೆ ಉಜ್ಜಿ ಕಿರುಚುವುದು, ಹಾರ್ನು, ಕೂಗಿ ಹೇಳುವ ಸೂಚನೆಗಳು. ಈ ಕೆಲಸಗಳು ರಾತ್ರಿಯಲ್ಲೇ ಏಕೆಂದು ಕೇಳಿದೆವು. ಹಗಲಿಡೀ ಓಡಿದ ಗಾಡಿ ರಾತ್ರಿ ಬಂದು ನಿಲ್ಲುತ್ತದೆ. ಬೆಳಗಾಗುವುದರೊಳಗೆ ತೊಳೆದು, ಪರೀಕ್ಷಿಸಿ, ನೀರು ತುಂಬಿಸಿ ಮತ್ತೆ ಹೊರಡಿಸಬೇಕು. ಪ್ರಯಾಣಿಕರಾದ ನಾವೇ ಬೆಳಗಿನ ಗಾಡಿಯನ್ನು ಬೇಡುವವರು.

ಎಂಜಿನ್ನನ್ನು ಬಂದು ಮಾಡಬಾರದೇಕೆ ಎಂಬ ನಮ್ಮ ಪ್ರಶ್ನೆಗೂ ಅವರು ತಾಳ್ಮೆಯಿಂದ ಉತ್ತರಿಸಿದರು. ಎಂಜಿನ್ನು ನಡೆಯುತ್ತಿದ್ದರೆ ಬ್ರೇಕಿನ ಗಾಳಿಯ ಒತ್ತಡ ಉಳಿಯುತ್ತದೆ, ಬ್ಯಾಟರಿ ಇಳಿಯುವುದಿಲ್ಲ, ಹೊರಡುವ ವೇಳೆಗೆ ಶುರುವಾಗದೆ ಗಾಡಿ ತಡವಾಗುವ ಭಯವಿರುವುದಿಲ್ಲ. ಕಾರಣಗಳು ನಿಜವಾದುವೇ. ಆದರೆ ನಿಂತ ಎಂಜಿನ್ನು ತೈಲವನ್ನೂ ಸುಡುತ್ತದೆ. ಆದುದರಿಂದಲೇ ಅನೇಕ ಡೀಸೆಲ್ ಎಂಜಿನ್ನುಗಳಿಗೆ ಒಂದು ಸಣ್ಣ ಸಹಾಯಕ ಯಂತ್ರವನ್ನು ಜೋಡಿಸಲಾಗಿದೆ. ದೊಡ್ಡ ಎಂಜಿನ್ನು ನಿಂತಾಗ ಅದು ಗಾಳಿಯನ್ನೂ ಬ್ಯಾಟರಿಯನ್ನೂ ನೋಡಿಕೊಳ್ಳುತ್ತದೆ. ವಿದ್ಯುದೀಕರಣವಾದ ಮಾರ್ಗಗಳಲ್ಲಿ ಎಂಜಿನ್ನು ಮೇಲಿನ ತಂತಿಯಿಂದ ಪಡೆದ ವಿದ್ಯುತ್ತನ್ನೇ ಡಬ್ಬಿಗಳಿಗೂ ಕೊಡುವ ‘ಹೆಡ್ ಆನ್ ಜನರೇಷನ್’ ಪದ್ಧತಿ ಬಂದಿದೆ. ಅಲ್ಲಿ ಪವರ್ ಕಾರಿನ ಜನರೇಟರು ಉರಿಯಬೇಕಾಗಿಲ್ಲ. ಗಾಡಿಯನ್ನು ತೊಳೆಯುವ ಪಿಟ್ ಲೈನುಗಳಲ್ಲಿ 750 ವೋಲ್ಟಿನ ಹೊರಗಿನ ವಿದ್ಯುತ್ತು ಒದಗಿಸಿದರೆ ಜನರೇಟರು ಇಲ್ಲದೆಯೇ ಡಬ್ಬಿಯ ದೀಪ, ಯಂತ್ರಗಳ ಪರೀಕ್ಷೆ ನಡೆಯುತ್ತದೆ. ತೈಲದ ಉಳಿತಾಯ, ಸದ್ದಿನ ಉಳಿತಾಯ ಎರಡೂ ಇಲ್ಲಿ ಒಂದೇ ದಾರಿಯಲ್ಲಿ ನಡೆಯುತ್ತವೆ. ನೆರೆಯವರ ಮಾತಿಗೆ ಬೆಲೆ ಬರುವುದು ಇಂಥ ಎಡೆಯಲ್ಲಿ.

ಹಾರ್ನಿನ ವಿಷಯ ಹಾಗಲ್ಲ. ಹಳಿಯ ಮೇಲೆ ಬಗ್ಗಿ ಕೆಲಸ ಮಾಡುವವನಿಗೆ ಗಾಡಿ ಚಲಿಸುತ್ತಿದೆಯೆಂದು ತಿಳಿಸುವ ಸದ್ದು ಅದು. ಅದನ್ನು ನಿಲ್ಲಿಸಿರೆಂದು ಕೇಳುವ ಹಕ್ಕು ನಮಗಿಲ್ಲ. ನಿಂತರೆ ಅದರ ಬೆಲೆ ತೆರುವವರು ನಮ್ಮದೇ ಪಾಲಕರಾದಾರು. ಹೀಗೆ ಸದ್ದುಗಳನ್ನು ಮೂರು ಪಂಕ್ತಿಗಳಲ್ಲಿ ಬೇರ್ಪಡಿಸಿಕೊಂಡೆವು: ಪ್ರಾಣರಕ್ಷಣೆಗೆ ಬೇಕಾದುವು, ಕೆಲಸಕ್ಕೆ ಬೇಕಾದರೂ ವೇಳೆ ಇಲ್ಲವೆ ಸ್ಥಳವನ್ನು ಬದಲಿಸಬಹುದಾದುವು, ಕೇವಲ ರೂಢಿಯಿಂದ ನಡೆದುಬಂದುವು. ಮೊದಲನೆಯದನ್ನು ಸಹಿಸಬೇಕು. ಎರಡನೆಯದನ್ನು ಕುಳಿತು ಮಾತನಾಡಬೇಕು. ಮೂರನೆಯದನ್ನು ಬಿಡಬೇಕು. ನಮ್ಮ ಧ್ವನಿವರ್ಧಕವು ಮೂರನೆಯ ಪಂಕ್ತಿಯಲ್ಲಿತ್ತು.

ಇಲ್ಲಿ ಸ್ವಲ್ಪ ಶಾಸ್ತ್ರವನ್ನು ಹೇಳುವುದು ಅವಶ್ಯ. ಡೆಸಿಬೆಲ್ ಎಂಬುದು ಗಜ, ಮೊಳಗಳಂತೆ ಕೂಡಿಸುವ ಅಳತೆಯಲ್ಲ. 10 ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ 10 ಪಟ್ಟಾಗುತ್ತದೆ. ಕಿವಿಗೆ ಅದು ಸುಮಾರು ಇಮ್ಮಡಿ ಎನಿಸುತ್ತದೆ. ಒಂದೇ ಬಗೆಯ ಎರಡು ಎಂಜಿನ್ನುಗಳಲ್ಲಿ ಒಂದನ್ನು ನಿಲ್ಲಿಸಿದರೆ ಇಳಿಯುವುದು ಕೇವಲ 3 ಡೆಸಿಬೆಲ್. ಕೇಳುವವರಿಗೆ ವ್ಯತ್ಯಾಸ ಅಷ್ಟಾಗಿ ತಿಳಿಯದು. ಆದರೆ ಒಂದೆಡೆ ನಿಂತ ಯಂತ್ರದಿಂದ ನಮಗಿರುವ ದೂರವು ಇಮ್ಮಡಿಯಾದಾಗಲೆಲ್ಲ ಬಯಲಿನಲ್ಲಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಗೋಡೆಯಿಂದ 50 ಮೀಟರಿನಲ್ಲಿ ನಿಲ್ಲುವ ಎಂಜಿನ್ನನ್ನು 200 ಮೀಟರಿನಾಚೆ ನಿಲ್ಲಿಸಿದರೆ 12 ಡೆಸಿಬೆಲ್ ಇಳಿಯಿತು. ಹಣ ಖರ್ಚಾಗದ ಈ ಉಪಾಯವೇ ಎಷ್ಟೋ ವೇಳೆ ಎಲ್ಲಕ್ಕಿಂತ ಮೇಲಾದುದು.

ಗಿಡ ನೆಟ್ಟರೆ ಸದ್ದು ನಿಲ್ಲುತ್ತದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಶಾಲೆಯ ಹಿಂದೆ ಬೇವಿನ ಸಾಲನ್ನು ನೆಟ್ಟವರು ನಾವೇ. ನೆರಳು ಬಂದಿತು, ಹಕ್ಕಿಗಳು ಬಂದುವು, ಕಣ್ಣಿಗೆ ಯಾರ್ಡು ಮರೆಯಾಯಿತು. ಸದ್ದು ಮಾತ್ರ ಹಾಗೆಯೇ ಉಳಿಯಿತು. ಒಂದೆರಡು ಸಾಲು ಗಿಡಗಳ ಎಲೆಗಳ ನಡುವೆ ಸದ್ದು ಸರಾಗವಾಗಿ ನುಸುಳುತ್ತದೆ. ತಡೆಯಬಲ್ಲುದು ಸಂದಿಲ್ಲದ, ಭಾರವಾದ ಗೋಡೆ. ಯಂತ್ರವೂ ಕಿಟಕಿಯೂ ಒಂದನ್ನೊಂದು ಕಾಣದಷ್ಟು ಎತ್ತರವಿದ್ದರೆ ಸುಮಾರು 5 ಡೆಸಿಬೆಲ್ ಇಳಿಯುತ್ತದೆ. ಇನ್ನೂ ಎತ್ತರಿಸಿದರೆ ಇನ್ನಷ್ಟು. ಅದು ಯಂತ್ರದ ಸಮೀಪದಲ್ಲಿರಬೇಕು, ಇಲ್ಲವೆ ಕೇಳುವವರ ಸಮೀಪದಲ್ಲಿರಬೇಕು. ನಟ್ಟನಡುವೆ ಕಟ್ಟಿದರೆ ಪ್ರಯೋಜನ ಕಡಿಮೆ. ನಮ್ಮ ಹಿಂಗೋಡೆಯು ಆಳೆತ್ತರದ್ದು, ಎರಡು ಕಡೆ ಬಿರಿದಿದೆ.

ಕಾಯಿದೆಯ ಮಾತೂ ತಿಳಿದಿರಲಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಶಾಂತ ವಲಯದಲ್ಲಿ 50 ಹಾಗೂ 40. ಔದ್ಯೋಗಿಕ ಪ್ರದೇಶಕ್ಕೆ 75 ಹಾಗೂ 70. ಹಗಲೆಂದರೆ ಬೆಳಗಿನ 6ರಿಂದ ರಾತ್ರಿ 10ರವರೆಗೆ. ಶಾಲೆ, ಆಸ್ಪತ್ರೆಗಳ ಸುತ್ತಲಿನ 100 ಮೀಟರು ಶಾಂತ ವಲಯವೆಂದು ಹಲವರು ತಿಳಿದಿದ್ದಾರೆ. 2017ರ ತಿದ್ದುಪಡಿಯ ಮೇಲೆ ರಾಜ್ಯ ಸರಕಾರವು ಘೋಷಿಸಿದ ಹೊರತು ಅದು ಹಾಗಾಗದು. ವಿಶ್ವ ಆರೋಗ್ಯ ಸಂಸ್ಥೆಯು 1999ರಲ್ಲಿ ಪಾಠ ನಡೆಯುವ ಕೋಣೆಯೊಳಗೆ 35 ಡೆಸಿಬೆಲ್ ಮೀರಬಾರದೆಂದು ಸಲಹೆ ಮಾಡಿತು. ಆದರೆ ಈ ಮಿತಿಗಳೆಲ್ಲ ಬಹಳ ಹೊತ್ತಿನ ಸರಾಸರಿಯವು. ನಡುರಾತ್ರಿಯಲ್ಲಿ ಡಬ್ಬಿಗೆ ಡಬ್ಬಿ ತಾಗಿದ ಒಂದು ಪೆಟ್ಟು ಸರಾಸರಿಯನ್ನು ಹೆಚ್ಚು ಏರಿಸದೆಯೇ ಒಂದು ಚಾಳನ್ನೆಲ್ಲ ಎಬ್ಬಿಸಬಲ್ಲುದು. ಆದುದರಿಂದ ಮಿತಿಯೊಳಗಿದೆ ಅಥವಾ ಮಿತಿ ಮೀರಿದೆ ಎಂಬ ವಾದದಿಂದಲೇ ನೆರೆಹೊರೆ ನೆಟ್ಟಗಾಗದು.

ಹಾಗಾದರೆ ನಾವು ಮಾಡಿದುದೇನು? ಮೊದಲು ನಮ್ಮ ಮನೆಯನ್ನು ಸರಿಪಡಿಸಿಕೊಂಡೆವು. ಒಂದರಿಂದ ನಾಲ್ಕನೆಯ ಇಯತ್ತೆಯವರೆಗಿನ ತರಗತಿಗಳನ್ನು ರಸ್ತೆಯ ಬದಿಗೆ ತಂದೆವು. ಕಛೇರಿ, ಉಗ್ರಾಣ, ಚಿತ್ರಕಲೆಯ ಕೋಣೆಗಳು ಯಾರ್ಡಿನ ಬದಿಗೆ ಹೋದುವು. ಕಿಟಕಿಗಳನ್ನು ಮುಚ್ಚಿ ಪಾಠ ಮಾಡಿರೆಂದು ಕೆಲವರು ಸಲಹೆಯಿತ್ತರು. ನಮ್ಮೂರಿನ ಚೈತ್ರ ವೈಶಾಖಗಳ ಬಿಸಿಲನ್ನು ಬಲ್ಲವರಾರೂ ಅದನ್ನು ಎರಡನೆಯ ಬಾರಿ ಹೇಳಲಾರರು. ಅದಕ್ಕೆ ಬದಲಾಗಿ ಕೋಣೆಯೊಳಗಿನ ಮಾರ್ದನಿಯನ್ನು ತಗ್ಗಿಸಲು ಯತ್ನಿಸಿದೆವು. ಕೈಮಗ್ಗದ ಮನೆತನದ ಹಳೆಯ ವಿದ್ಯಾರ್ಥಿಗಳು ದಪ್ಪನೆಯ ಸೊಲ್ಲಾಪುರಿ ಚಾದರಗಳನ್ನು ಕೊಟ್ಟರು. ಅವುಗಳನ್ನು ಹಿಂದಿನ ಗೋಡೆಗೆ ತೂಗುಹಾಕಿದೆವು. ಹೊರಗಿನ ಎಂಜಿನ್ನಿನ ಗುಡುಗನ್ನು ಅವು ತಡೆಯಲಾರವು, ಆದರೆ ಕೋಣೆಯೊಳಗೆ ಮಾತು ಮಾತಿಗೆ ಡಿಕ್ಕಿ ಹೊಡೆಯುವುದು ಕಡಿಮೆಯಾಗಿ ಶಿಕ್ಷಕರ ಉಚ್ಚಾರ ಸ್ಪಷ್ಟವಾಯಿತು. ಹೊಸಬರಾದ ಶಿಕ್ಷಕರಿಗೆ ಒಂದು ಸೂಚನೆಯನ್ನೂ ಕೊಟ್ಟೆವು: ಸದ್ದು ಬಂದಾಗ ಅದರ ಮೇಲೆ ಕೂಗಬೇಡಿರಿ, ನಿಲ್ಲಿರಿ, ಹಲಗೆಯ ಮೇಲೆ ಬರೆಯಿರಿ, ಸದ್ದು ಇಳಿದ ಮೇಲೆ ಕೊನೆಯ ವಾಕ್ಯವನ್ನು ಮೊದಲಿನಿಂದ ಹೇಳಿರಿ.

ಎರಡನೆಯದಾಗಿ, ಒಂದು ದಾಖಲೆ ಪುಸ್ತಕವನ್ನು ತೆರೆದೆವು. ‘ಬಹಳ ಗದ್ದಲ’ ಎಂಬ ಮಾತನ್ನು ಅದರಲ್ಲಿ ನಿಷೇಧಿಸಿದೆವು. ಬರೆಯಬೇಕಾದುದು ದಿನಾಂಕ, ವೇಳೆ, ಯಾವ ಬಗೆಯ ಸದ್ದು, ಎಷ್ಟು ನಿಮಿಷ, ಯಾವ ಕೋಣೆ, ಪಾಠ ನಿಂತಿತೇ ಇಲ್ಲವೇ ಎಂಬುದು ಮಾತ್ರ. ಮೇಲಿನ ತರಗತಿಯ ಮಕ್ಕಳು ಮೊಬೈಲಿನಲ್ಲಿ ಅಳೆದು ಅಂಕಿಯನ್ನೂ ಬರೆದರು. ಅದು ನ್ಯಾಯಾಲಯದಲ್ಲಿ ನಿಲ್ಲುವ ಅಳತೆಯಲ್ಲ, ಆದರೆ ಏರಿಳಿತವನ್ನು ತೋರಿಸಲು ಸಾಕು. ಒಂದು ಸತ್ರದ ಬರೆಹವನ್ನು ಕೋಷ್ಟಕವಾಗಿ ಮಾಡಿದಾಗ ಒಂದು ಸಂಗತಿ ಎದ್ದು ಕಂಡಿತು. ಪಾಠ ನಿಲ್ಲುತ್ತಿದ್ದುದು ಹೆಚ್ಚಾಗಿ ಹಾರ್ನಿನಿಂದಲ್ಲ, ಶಂಟಿಂಗಿನಿಂದಲೂ ಅಲ್ಲ. ಹಿಂಗೋಡೆಗೆ ಎದುರಾಗಿ ಒಂದೇ ಸ್ಥಳದಲ್ಲಿ ಕಾಯುತ್ತ ನಿಲ್ಲುವ ಎಂಜಿನ್ನಿನಿಂದ. ಆ ಕೋಷ್ಟಕವನ್ನೂ ನಮ್ಮ ವೇಳಾಪತ್ರಿಕೆಯನ್ನೂ ಪರೀಕ್ಷೆಯ ದಿನಾಂಕಗಳನ್ನೂ ಒಟ್ಟಿಗೆ ಕೊಂಡೊಯ್ದು ಕೊಟ್ಟೆವು.

ಫಲವನ್ನು ಉತ್ಪ್ರೇಕ್ಷೆಯಿಲ್ಲದೆ ಹೇಳುತ್ತೇವೆ. ಕಾಯುವ ಎಂಜಿನ್ನು ಈಗ ಸಾಧ್ಯವಾದಾಗಲೆಲ್ಲ ಯಾರ್ಡಿನ ಆಚೆಯ ತುದಿಯಲ್ಲಿ ನಿಲ್ಲುತ್ತದೆ. ವಾರ್ಷಿಕ ಪರೀಕ್ಷೆಯ ದಿನಗಳಲ್ಲಿ ಈ ಬದಿಯ ಶಂಟಿಂಗನ್ನು ಪತ್ರಿಕೆ ಮುಗಿದ ಮೇಲೆ ನಡೆಸುತ್ತಾರೆ. ದೊಡ್ಡ ದುರಸ್ತಿಯಿದ್ದರೆ ಹಿಂದಿನ ದಿನ ಯಾರಾದರೂ ಬಂದು ತಿಳಿಸಿ ಹೋಗುತ್ತಾರೆ. ಆಗದೆ ಉಳಿದುದೂ ಇದೆ. ಗೋಡೆ ಎತ್ತರವಾಗಿಲ್ಲ. ಗಾಡಿ ತಡವಾದ ದಿನ ಎಲ್ಲ ಏರ್ಪಾಡೂ ತಪ್ಪುತ್ತದೆ. ರಾತ್ರಿಯ ಸದ್ದು ಚಾಳಿನವರಿಗೆ ಮೊದಲಿನಂತೆಯೇ ಇದೆ. ನಮ್ಮ ಪಾಠಕ್ಕೆ ಸಿಕ್ಕ ನೆಮ್ಮದಿ ಅವರ ನಿದ್ರೆಗೆ ಸಿಕ್ಕಿಲ್ಲವೆಂಬುದು ನಮ್ಮನ್ನು ಬಾಧಿಸುತ್ತಿದೆ. ಎಂಜಿನ್ನು ಸರಿದ ಆಚೆಯ ತುದಿಯಲ್ಲಿ ಹೊಸದಾಗಿ ಮನೆಗಳು ಏಳುತ್ತಿವೆ. ನಮ್ಮ ಸದ್ದನ್ನು ಅವರ ಬಾಗಿಲಿಗೆ ದಾಟಿಸಿ ಕೈತೊಳೆದುಕೊಳ್ಳುವುದು ಪರಿಹಾರವಲ್ಲ.

ಆದುದರಿಂದ ಈ ಸಭೆಯಲ್ಲಿ ನೆರೆದವರೆಲ್ಲರಲ್ಲಿಯೂ ಒಂದೊಂದು ಬಿನ್ನಹವಿದೆ. ರೈಲಿನಲ್ಲಿ ದುಡಿಯುವ ಪಾಲಕರೆ, ಯಾವ ಸದ್ದು ಅಗತ್ಯದ್ದು, ಯಾವುದು ರೂಢಿಯದು ಎಂದು ನಮಗಿಂತ ಚೆನ್ನಾಗಿ ಬಲ್ಲವರು ತಾವು. ಪಾಳಿಯ ಸಭೆಗಳಲ್ಲಿ ಆ ಮಾತನ್ನು ತಾವೇ ಎತ್ತಬೇಕು. ಹೊಸ ಮನೆ ಕಟ್ಟುವವರೆ, ಯಾರ್ಡಿನ ಬದಿಗೆ ಅಡಿಗೆಮನೆ, ಬಚ್ಚಲುಮನೆ, ಮೆಟ್ಟಿಲುಗಳನ್ನು ಇಡಿರಿ. ಮಲಗುವ ಕೋಣೆಯನ್ನು ಇನ್ನೊಂದು ಬದಿಗೆ ಇಡಿರಿ. ಕಟ್ಟಿದ ಮೇಲೆ ಸದ್ದನ್ನು ದೂಷಿಸುವುದಕ್ಕಿಂತ ಕಟ್ಟುವ ಮೊದಲು ಒಂದು ರಾತ್ರಿ ಆ ಜಾಗದಲ್ಲಿ ಕುಳಿತು ಕೇಳುವುದು ಲೇಸು. ಮಹಾನಗರಪಾಲಿಕೆಯಲ್ಲಿ ಮಾತು ನಡೆಯುವ ಹಿರಿಯರೆ, ಯಾರ್ಡಿನ ಸುತ್ತ ಮನೆ ಕಟ್ಟಲು ಅಪ್ಪಣೆ ಕೊಡುವಾಗ ಈ ವಿಷಯವನ್ನು ಕಡತದಲ್ಲಿ ಒಂದು ಸಾಲಾಗಿಯಾದರೂ ಸೇರಿಸಿರಿ. ಹಳೆಯ ವಿದ್ಯಾರ್ಥಿಗಳೆ, ಶತಮಾನೋತ್ಸವದ ನಿಧಿಯಲ್ಲಿ ಕಮಾನು ಕಟ್ಟಿಸಬೇಕೆಂಬ ಸೂಚನೆ ಬಂದಿದೆ. ಕಮಾನಿಗಿಂತ ಮೊದಲು ಹಿಂಗೋಡೆಯ ಬಿರುಕು ಮುಚ್ಚಿ, ಅದನ್ನು ಕಿಟಕಿಯ ಎತ್ತರಕ್ಕೆ ಏರಿಸುವ ಅನುಮತಿಗೂ ವೆಚ್ಚಕ್ಕೂ ತಾವು ಬೆನ್ನಾಗಿ ನಿಲ್ಲಬೇಕೆಂದು ಬೇಡುತ್ತೇವೆ. ಚಾಳಿನ ತಾಯಂದಿರೆ, ದಾಖಲೆ ಪುಸ್ತಕದಲ್ಲಿ ರಾತ್ರಿಯ ಪುಟಗಳು ಬರಿದಾಗಿವೆ. ಅವನ್ನು ತಾವು ತುಂಬಬೇಕು. ಬರೆಯಲು ಬಾರದವರು ಬಂದು ಹೇಳಿದರೆ ನಮ್ಮ ಮಕ್ಕಳು ಬರೆದುಕೊಳ್ಳುತ್ತಾರೆ. ಮುಂದಿನ ಕೋಷ್ಟಕವು ತಮ್ಮ ನಿದ್ರೆಯದಾಗಿರಲಿ.

ಕೊನೆಯದಾಗಿ, ಆ ಹುಡುಗನ ಪ್ರಗತಿ ಪುಸ್ತಕ ಹಳೆಯ ಕಪಾಟಿನಲ್ಲಿದೆ. ಶತಮಾನೋತ್ಸವದ ಪ್ರದರ್ಶನಕ್ಕೆ ಕಡತಗಳನ್ನು ತೆಗೆಯುವಾಗ ಅದು ಮತ್ತೆ ಕೈಗೆ ಬಂದಿತು. ದಾಖಲೆಯನ್ನು ತಿದ್ದುವ ಅಧಿಕಾರ ನಮಗಿಲ್ಲ. ನಮ್ಮ ಷರಾದ ಕೆಳಗೆ ಇಂದಿನ ದಿನಾಂಕ ಹಾಕಿ, ‘ಈ ವಿದ್ಯಾರ್ಥಿಗೆ ಪಾಠ ಕೇಳಿಸುತ್ತಿರಲಿಲ್ಲ, ಷರಾ ನಮ್ಮ ತಪ್ಪು’ ಎಂದು ಬರೆದು ಸಹಿ ಮಾಡಿದ್ದೇವೆ. ಅವನಾಗಲಿ ಅವನ ಮನೆಯವರಾಗಲಿ ಈ ಸಭೆಯಲ್ಲಿದ್ದರೆ ನಮ್ಮ ಕ್ಷಮೆಯಾಚನೆಯನ್ನು ಸ್ವೀಕರಿಸಬೇಕು.

ಇಂದು ಮಧ್ಯಾಹ್ನ ಕಾಯುವ ಎಂಜಿನ್ನನ್ನು ಆಚೆಯ ತುದಿಯಲ್ಲಿ ನಿಲ್ಲಿಸಿ ನಮ್ಮ ಮಾತಿಗೆ ಎಡೆಮಾಡಿಕೊಟ್ಟ ನೆರೆಯವರಿಗೆ ಹೃತ್ಪೂರ್ವಕ ವಂದನೆಗಳು.